ಎಸ್ತೇರಳಿಗೆ ನೀರು ಬಿದ್ದ ಮಳೆಗಾಲ

ಹೋದ ವಾರ ನಮ್ಮ ಅಪಾರ್ಟ್‌ಮೆಂಟಿನ ನೆಲದಡಿಯ ನೀರಿನ ತೊಟ್ಟಿಯನ್ನು ತೊಳೆಸಿದರು. ಕೆಲಸದವರು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿ ಹೋದ ಮೇಲೆ ಟ್ಯಾಂಕರ್ ಬಂದು ಹೊಸ ನೀರು ತುಂಬಿತು. ತರಕಾರಿಗೆಂದು ಮೆಟ್ಟಿಲಿಳಿದವಳಿಗೆ ಆ ವಾಸನೆ ಮೂಗಿಗೆ ಬಡಿದು, ಚೀಲ ಹಿಡಿದುಕೊಂಡೇ ಸ್ವಲ್ಪ ಹೊತ್ತು ಅಲ್ಲಿ ನಿಂತೆ. ಈ ಶಂಶಾಬಾದಿನ ಮನೆಗೆ ಬಂದು ವರ್ಷಗಳಾದವು. ಆದರೂ ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ನನಗೆ ಲಿಂಗಂಪಲ್ಲಿಯ ಆ ಒಂದು ಮಳೆಗಾಲವೇ ನೆನಪಾಗುತ್ತದೆ. ಆಗ ಅದು ಎರಡು ಕಡೆ ಇರುತ್ತಿತ್ತು: ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ, ಮತ್ತೆ ನನ್ನ ಮಾವನವರ ಚರ್ಚಿನಲ್ಲಿ.

ಮಾವನವರದು ಬ್ಯಾಪ್ಟಿಸ್ಟ್ ಸಭೆ; ಚರ್ಚಿಗೆ ಸೇರಿದ ಜನರನ್ನು ನಾವು ಸಭೆ ಎನ್ನುತ್ತೇವೆ. ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ, ಒಂದು ಸಿಮೆಂಟ್ ಅಂಗಡಿಯ ಪಕ್ಕದಲ್ಲಿ ಅವರ ಚರ್ಚು. ಒಳಗೆ ಪ್ರಸಂಗ ಮಾಡುವ ವೇದಿಕೆಯ ಹಲಗೆಗಳನ್ನು ಎತ್ತಿದರೆ ಕೆಳಗೆ ಎದೆಮಟ್ಟದ ತೊಟ್ಟಿ. ದೀಕ್ಷಾಸ್ನಾನ ಇದ್ದಾಗ ಅದನ್ನು ತಿಕ್ಕಿ ತೊಳೆದು ಟ್ಯಾಂಕರ್ ನೀರು ತುಂಬುತ್ತಿದ್ದರು. ‘ನಾನು ನಂಬಿದ್ದೇನೆ’ ಎಂದು ತಮ್ಮ ಬಾಯಿಂದ ತಾವೇ ಹೇಳಬಲ್ಲವರನ್ನು ಮಾತ್ರ ಅದರಲ್ಲಿ ಪೂರ್ತಿ ಮುಳುಗಿಸಿ ಎತ್ತುತ್ತಾರೆ. ಕೂಸುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ.

ನಾವು ಬೀದರ ಜಿಲ್ಲೆಯ ಮೆಥಡಿಸ್ಟರು. ನಮ್ಮಲ್ಲಿ ಬಾಣಂತಿ ಮೊದಲ ಸಲ ಚರ್ಚಿಗೆ ಬಂದ ದಿನವೇ ಅಯ್ಯನವರು ಕೂಸಿನ ನೆತ್ತಿಗೆ ನೀರು ಮುಟ್ಟಿಸಿ ಹೆಸರು ಕರೆದುಬಿಡುತ್ತಾರೆ. ಅಯ್ಯನವರು ಅಂದರೆ ನಮ್ಮ ಸಭೆಯ ಪಾದ್ರಿ. ನನಗೂ ಹಾಗೆಯೇ ಆಗಿತ್ತು. ವಿಜಯ್‌ನನ್ನು ಮದುವೆಯಾಗಿ ಹೈದರಾಬಾದಿಗೆ ಬಂದಾಗ ಅವರ ಪಾಸ್ಟರು ನನ್ನನ್ನು ಕರೆದು ಕೇಳಿದ್ದರು, ಮುಳುಗುತ್ತೀಯಾ ಎಂದು. ನನಗೆ ಒಮ್ಮೆ ಆಗಿದೆ, ಇನ್ನೊಂದು ಬೇಡ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಪ್ರತಿ ಭಾನುವಾರ ಬಾ, ಹಾಡು, ಕೂತುಕೋ, ಆದರೆ ಸಭೆಯ ಸದಸ್ಯಳಾಗಲು ಬರುವುದಿಲ್ಲ ಎಂದರು. ಹಾಗಾಗಿ ಸಭೆಯ ತೀರ್ಮಾನಗಳಿಗೆ ಎಲ್ಲರೂ ಕೈ ಎತ್ತುವಾಗ ನಾನು ಕೈ ಕಟ್ಟಿಕೊಂಡು ಕೂರುತ್ತಿದ್ದೆ. ಅದರಿಂದ ನನಗೆ ದೊಡ್ಡ ನೋವೇನೂ ಆಗಿರಲಿಲ್ಲ.

ಮಾವ ಪ್ರಕಾಶಂ ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದವರು. ಅತ್ತೆ ನನ್ನ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು. ಮಾವ ಬಹಳ ವರ್ಷ ರಾಯಚೂರಿನಲ್ಲಿದ್ದುದರಿಂದ ಕನ್ನಡ ಬರುತ್ತಿತ್ತು. ನನ್ನೊಂದಿಗೆ ಅದರಲ್ಲೇ ಮಾತಾಡುತ್ತಿದ್ದರು. ಸಭೆಯಲ್ಲಿ ಅವರು ಡೀಕನ್, ಅಂದರೆ ಜನರೇ ಆರಿಸಿದ ಹಿರಿಯ. ಪ್ರಭು ಭೋಜನದ ದಿನ ರೊಟ್ಟಿ, ದ್ರಾಕ್ಷಾರಸದ ತಟ್ಟೆಗಳನ್ನು ಸಾಲುಸಾಲಿಗೆ ಹಿಡಿದು ಹೋಗುವುದು, ಕಾಯಿಲೆಯವರ ಮನೆಗೆ ಹೋಗಿ ಬರುವುದು ಅವರ ಕೆಲಸ. ಆ ತಟ್ಟೆಗಳನ್ನು ಒರೆಸುವಾಗ ಅವರ ಮುಖ ನೋಡಬೇಕಿತ್ತು. ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ.

ತೆಲಂಗಾಣ ಬೇರೆ ರಾಜ್ಯವಾದ ಹೊಸತು ಅದು. ಆ ವರ್ಷ ಮಳೆ ತಡವಾಗಿ ಹಿಡಿಯಿತು, ಹಿಡಿದ ಮೇಲೆ ಬಿಡಲಿಲ್ಲ. ನನಗೆ ಏಳು ತಿಂಗಳು ತುಂಬಿದ್ದಾಗ ಬಿಪಿ ಏರಿ ಕಣ್ಣು ಮಂಜಾಯಿತು. ಆಸ್ಪತ್ರೆಗೆ ಸೇರಿಸಿದ ದಿನವೇ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಅವಳು ಅತ್ತ ಸದ್ದು ನನಗೆ ಕೇಳಿಸಲಿಲ್ಲ. ಮರುದಿನ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋಗಿ ಗಾಜಿನ ಪೆಟ್ಟಿಗೆಯಲ್ಲಿ ತೋರಿಸಿದರು. ಅವಳ ಎದೆ ಏರಿಳಿಯುವುದನ್ನು ನೋಡುತ್ತಾ ನಾನೂ ಅದೇ ಲಯದಲ್ಲಿ ಉಸಿರಾಡತೊಡಗಿದ್ದೆ. ನರ್ಸ್ ಹೆಗಲು ಮುಟ್ಟಿದಾಗಲೇ ಅದು ತಿಳಿದದ್ದು.

ಅವ್ವ ಬೀದರದಿಂದ ಬೆಳಗಿನ ರೈಲಿಗೆ ಬಂದಳು. ಅಪ್ಪ ಇಲ್ಲದ ಮೇಲೆ ಅವಳು ಎಲ್ಲಿಗಾದರೂ ಒಬ್ಬಳೇ ಹೊರಟುಬಿಡುತ್ತಿದ್ದಳು. ಬಾಣಂತಿಗೆಂದು ಅಜವಾನ, ಬೆಳ್ಳುಳ್ಳಿ, ಅಂಟಿನುಂಡಿಯ ಡಬ್ಬಿ ಎಲ್ಲ ತಂದಿದ್ದಳು. ಅದನ್ನೆಲ್ಲ ನನ್ನ ಮಂಚದ ಕೆಳಗಿಟ್ಟು ಮಗುವನ್ನು ನೋಡಲು ಹೋದಳು. ಮರಳಿ ಬಂದಾಗ ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಮಂಚದ ಪಕ್ಕ ಕುಳಿತಿದ್ದ ಮಾವನವರಿಗೆ ನೇರವಾಗಿ ಹೇಳಿದಳು.

“ಬೀಗರೆ, ಕೂಸಿಗಿ ಜಲ್ದಿ ನೀರು ಹಾಕಸ್ಬೇಕು. ನಿಮ್ಮ ಪಾಸ್ಟರಿಗಿ ಕರೀರಿ.”

ದೀಕ್ಷಾಸ್ನಾನಕ್ಕೆ ಅವಳು ಹಾಗೆಯೇ ಹೇಳುವುದು. ಮಾವ ಅವಳನ್ನು ತೆಲುಗಿನಲ್ಲಿ ಚೆಲ್ಲೆಮ್ಮ ಎಂದು, ತಂಗಿಯನ್ನು ಕರೆದಂತೆ ಕರೆಯುತ್ತಿದ್ದರು.

“ಚೆಲ್ಲೆಮ್ಮ, ನಮ್ಮ ಸಭೆದಾಗ ಕೂಸಿಗೆ ಕೊಡೂದಿಲ್ಲ. ಅದು ದೊಡ್ಡದಾಗಿ ತಾನ ಕೇಳ್ಬೇಕು.”

“ದೊಡ್ಡದಾದ್ರ ಕೇಳ್ತದ್ರಿ. ಆಗಲಿಲ್ಲಂದ್ರ?”

ವಿಜಯ್ ಕಿಟಕಿಯ ಕಡೆ ತಿರುಗಿಕೊಂಡ. ಮಾವ ಹೇಳಿದರು. “ಆಗಲಿಲ್ಲಂದ್ರೂ ಅದು ದೇವರ ಕೂಸ ಐತಿ. ನೀರು ಬಿದ್ದಿಲ್ಲ ಅಂತ ಅವ ಬಾಗಿಲ ಹಾಕೂದಿಲ್ಲ.”

“ಅದು ನಿಮಗ ಹ್ಯಾಂಗ ಗೊತ್ತದ?” ಎಂದಳು ಅವ್ವ. ಆ ದನಿ ಕೇಳಿ ನನಗೆ ಅಚ್ಚರಿಯಾಯಿತು. ಬೀಗರ ಎದುರು ತಲೆ ಮೇಲಿನ ಸೆರಗು ಜಾರದಂತೆ ಕೂರುವವಳು ಅವಳು. ಹೀಗೆ ಎದುರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಎರಡು ದಿನ ಬಿಟ್ಟು ಅವರ ಪಾಸ್ಟರೇ ನೋಡಲು ಬಂದರು. ವಾರ್ಡಿನ ಹೊರಗಿನ ಬೆಂಚಿನಲ್ಲಿ ಅವ್ವನ ಪಕ್ಕ ಕುಳಿತು, ಕೂಸುಗಳಿಗೆ ಏಕೆ ನೀರು ಹಾಕುವುದಿಲ್ಲ ಎಂಬುದನ್ನು ತಾಳ್ಮೆಯಿಂದ ಹಿಂದಿಯಲ್ಲಿ ಹೇಳಿದರು. ತಿಳಿಯದ ಕಡೆ ಮಾವ ಕನ್ನಡ ಮಾಡಿದರು. ಸುಮಾರು ನಾನೂರು ವರ್ಷದ ಹಿಂದೆ ಇಂಗ್ಲೆಂಡಿನಲ್ಲಿ ರಾಜನ ಚರ್ಚೇ ಎಲ್ಲರ ಚರ್ಚಾಗಿತ್ತಂತೆ. ಹುಟ್ಟಿದ ಕೂಸಿಗೆ ನೀರು ಹಾಕಿದರೆ ಅದು ಚರ್ಚಿನ ಲೆಕ್ಕಕ್ಕೂ ಬಂತು, ರಾಜ್ಯದ ಲೆಕ್ಕಕ್ಕೂ ಬಂತು. ಇದು ಸರಿಯಲ್ಲ, ನಂಬಿಕೆಯನ್ನು ಮನುಷ್ಯ ತಾನೇ ಆರಿಸಿಕೊಳ್ಳಬೇಕು ಎಂದ ಕೆಲವರು ಊರು ಬಿಟ್ಟು ಹಾಲೆಂಡಿಗೆ ಓಡಿಹೋದರು. ಅಲ್ಲಿ, ಬಾಯಿಬಿಟ್ಟು ನಂಬಿಕೆ ಹೇಳಿದ ದೊಡ್ಡವರಿಗೆ ಮಾತ್ರ ದೀಕ್ಷಾಸ್ನಾನ ಕೊಟ್ಟುಕೊಂಡರು. ಆಮೇಲೆ ಅವರಲ್ಲಿ ಕೆಲವರು ಮರಳಿ ಹೋಗಿ, ಮನುಷ್ಯನ ಆತ್ಮದ ಮೇಲೆ ರಾಜನಿಗೆ ಅಧಿಕಾರವಿಲ್ಲ ಎಂದು ಹೇಳಿ ಜೈಲಿಗೆ ಬಿದ್ದರು. ಅಲ್ಲಿಂದ ಬಂದ ಬಳ್ಳಿ ನಾವು ಎಂದರು ಪಾಸ್ಟರು.

ಅವ್ವ ಪೂರ್ತಿ ಕೇಳಿಸಿಕೊಂಡಳು. “ಅವರು ರಾಜನ ಸಂಗಡ ಜಗಳ ಆಡ್ಯಾರ. ನನ್ನ ಮೊಮ್ಮಗಳು ಯಾರ ಸಂಗಡ ಜಗಳ ಆಡ್ಯಾಳ್ರಿ?”

ಮಾವ ಅದನ್ನು ತೆಲುಗಿಗೆ ತಿರುಗಿಸಿ ಹೇಳುವಾಗ ಅವರಿಗೇ ನಗು ತಡೆಯಲಾಗಲಿಲ್ಲ. ಪಾಸ್ಟರೂ ನಕ್ಕರು. ಹೋಗುವ ಮುಂಚೆ ವಾರ್ಡಿನ ಗಾಜಿಗೆ ಅಂಗೈ ಇಟ್ಟು ಬಹಳ ಹೊತ್ತು ಪ್ರಾರ್ಥನೆ ಮಾಡಿದರು. ಅವ್ವ ಕೈ ಮುಗಿದಳು, ಆದರೆ ಒಪ್ಪಲಿಲ್ಲ.

ನನ್ನನ್ನು ಮನೆಗೆ ಕಳಿಸಿದರು, ಮಗುವನ್ನು ಉಳಿಸಿಕೊಂಡರು. ದಿನವೂ ಹಿಂಡಿದ ಹಾಲನ್ನು ಸಣ್ಣ ಬಾಟಲಿಯಲ್ಲಿ ಹಿಡಿದುಕೊಂಡು ಅವ್ವನೂ ನಾನೂ ಆಟೋದಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದೆವು. ಅಂಡರ್‌ಪಾಸಿನಲ್ಲಿ ನೀರು ನಿಂತರೆ ಸುತ್ತು ಹಾಕಿ ಹೋಗಬೇಕಿತ್ತು. ವಿಜಯ್‌ಗೆ ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ. ಊರಿನ ಆ ಕೊನೆಯಿಂದ ಮಳೆಯಲ್ಲಿ ನೆನೆದು ಬಂದು, ಒದ್ದೆ ಬಟ್ಟೆಯಲ್ಲೇ ಮಗು ಹೇಗಿದೆ ಎಂದು ಕೇಳುತ್ತಿದ್ದ. ಅವ್ವ ಮಾವನವರ ಜೊತೆ ಮಾತು ಬಿಟ್ಟಿದ್ದಳು. ಆದರೆ ಅವರಿಗೆ ಜೋಳದ ರೊಟ್ಟಿ ಇಷ್ಟವೆಂದು ಗೊತ್ತಾಗಿ ದಿನವೂ ಬಿಸಿಯಾಗಿ ಬಡಿದು, ತಟ್ಟೆಯಲ್ಲಿಟ್ಟು, ಏನೂ ಹೇಳದೆ ಅವರ ಮುಂದೆ ಸರಿಸುತ್ತಿದ್ದಳು. ಅವರೂ ಏನೂ ಹೇಳದೆ ತಿನ್ನುತ್ತಿದ್ದರು.

ಹೀಗಿರುವಾಗ ಒಂದು ಮಧ್ಯಾಹ್ನ ಹಾಲು ತೆಗೆದುಕೊಂಡು ಹೋದರೆ ನರ್ಸ್ ಬಾಟಲಿ ಮುಟ್ಟಲಿಲ್ಲ. ಡಾಕ್ಟರಮ್ಮ ಹೊರಗೆ ಬಂದು, ರಕ್ತಕ್ಕೆ ಸೋಂಕು ತಗಲಿದೆ, ಔಷಧಿ ಶುರು ಮಾಡಿದ್ದೇವೆ, ಈಗಲೇ ಏನೂ ಹೇಳಲಾರೆ ಎಂದರು. ನಾನು ಬೆಂಚಿನ ಮೇಲೆ ಕುಳಿತೆ. ಅವ್ವ ನನ್ನ ಕಡೆ ನೋಡದೆ ಗಾಜಿನ ಬಳಿ ಹೋಗಿ ನಿಂತಳು. ಫೋನು ಮಾಡಿದ ಮೇಲೆ ವಿಜಯ್ ಬಂದ, ಮಾವನವರೂ ಬಂದರು. ಅಪ್ಪ ಮಗ ತೆಲುಗಿನಲ್ಲಿ ಮೆಲ್ಲಗೆ ಮಾತಾಡಿಕೊಂಡರು. ಅವ್ವ ತಿರುಗಿ ಬಂದು, ನೀರು ಹಾಕಿಸಬೇಕೆಂಬ ಅದೇ ಮಾತನ್ನು ವಿಜಯ್‌ಗೆ ಹೇಳಿದಳು. ವಿಜಯ್, ನಮ್ಮಲ್ಲಿ ಹಾಗೆ ಮಾಡುವುದಿಲ್ಲ ಎಂದು ಅದೇ ಉತ್ತರ ಕೊಟ್ಟ. ಅವನ ದನಿ ಒಡೆದಿತ್ತು.

ಮಾವ ನನ್ನ ಪಕ್ಕ ಬಂದು ಕುಳಿತರು. ಕೊಡೆಯಿಂದ ನೀರು ಸುರಿಯುತ್ತಿತ್ತು. ಅದನ್ನು ಬೆಂಚಿನ ಕೆಳಗೆ ಇಟ್ಟರು. ಆಮೇಲೆ, ನಾನು ಕೇಳದಿದ್ದರೂ, ತಮ್ಮ ತಾತನ ವಿಷಯ ಹೇಳಿದರು.

“ನಮ್ಮ ತಾತ ಚರ್ಮದ ಕೆಲಸದವ. ಊರ ಹೊರಗ ಮನಿ. ಜಮೀನ್ದಾರ ದೊರೆ ಮನಿಯವರು ಅಲ್ಲಿ ನಿಲ್ಲು ಅಂದ್ರ ನಿಲ್ಬೇಕು, ಅದನ್ನ ಹೊತ್ಕೊ ಅಂದ್ರ ಹೊತ್ಕೋಬೇಕು. ಹುಟ್ಟಿದಾಗಿಂದ ಅವಗ ಎಲ್ಲಾರೂ ಹೇಳಾವ್ರ. ಬ್ಯಾಪ್ಟಿಸ್ಟರು ಬಂದ್ರು. ಹಳ್ಳದಾಗ ನಿಂದರಿಸಿ ಮಂದಿ ಮುಂದ ಅವನ್ನ ಕೇಳಿದ್ರು, ನೀ ನಂಬ್ತೀಯೇನು ಅಂತ. ಹೌದು ಅಂದ. ತನ್ನ ಜೀವನದಾಗ ತನ್ನನ್ನ ಯಾರರ ಒಂದು ಮಾತು ಕೇಳಿದ್ದು ಅದ ಮೊದಲು ಅಂತಿದ್ದ. ಮುಳುಗಿ ಎದ್ದಿದ್ದಕ್ಕಿಂತ ಅದನ್ನ ಭಾಳ ಹೇಳ್ತಿದ್ದ.”

“ಅದಕ್ಕ ನನಗ ಕೂಸಿಗೆ ಕೇಳ್ದೆ ಕೊಡೂದು ಮನಸ್ಸಿಗೆ ಬರೂದಿಲ್ಲ ಅಮ್ಮಾ” ಎಂದರು. ನಾನು ತಲೆಯಾಡಿಸಿದೆ. ಆಗ ಅವರು ನನ್ನ ಮುಖ ನೋಡಿದರು. “ಇಷ್ಟು ದಿನ ನಾವೆಲ್ಲಾ ಮಾತಾಡಿದ್ವಿ. ನಿನ್ನ ಒಬ್ಬರೂ ಕೇಳಲಿಲ್ಲ. ನಿನ್ನ ಮನಸ್ಸಿನ್ಯಾಗ ಏನೈತಿ ಸುನೀತಾ?”

ನನ್ನ ಮನಸ್ಸಿನಲ್ಲಿ ಏನಿದೆಯೆಂದು ನನಗೂ ಅಲ್ಲಿಯವರೆಗೆ ಸರಿಯಾಗಿ ಗೊತ್ತಿರಲಿಲ್ಲ.

“ನೀರು ಬಿದ್ರ ಉಳೀತಾಳ ಅಂತ ನಾ ನಂಬಿಲ್ಲ ಮಾವಯ್ಯ,” ಎಂದೆ. “ಬೀಳಲಿಲ್ಲಂದ್ರ ದೇವರು ಕೈ ಬಿಡ್ತಾನ ಅಂತನೂ ನಂಬಿಲ್ಲ. ಆದ್ರ ಅಕೀಗಿ ಇನ್ನ ಹೆಸರಿಲ್ಲ. ಗಾಜಿನ ಪೆಟ್ಟಿಗಿ ಮ್ಯಾಲ ನನ್ನ ಹೆಸರು ಬರದಾರ. ದೇವರ ಮುಂದ ಅಕೀ ಹೆಸರು ಹಿಡಿದು ಒಮ್ಮೆ ಕರೀಬೇಕು ಅನಸ್ತದ. ಅವ್ವನ ಅಯ್ಯನೋರಿಗಿ ಕರಸ್ರಿ.”

ವಿಜಯ್ ಅಪ್ಪನಿಗೆ, ಸಭೆಯವರು ನಿಮ್ಮನ್ನು ಕೇಳದೆ ಬಿಡುತ್ತಾರೆಯೇ ಎಂದ. “ಕೇಳ್ಲಿ. ಕೇಳೂದ ಅವರ ಕೆಲಸ,” ಎಂದರು ಮಾವ. ಎದ್ದು ಅವ್ವನ ಹತ್ತಿರ ಹೋಗಿ, “ಚೆಲ್ಲೆಮ್ಮ, ನಿಮ್ಮ ಅಯ್ಯನೋರ ನಂಬರ್ ಕೊಡ್ರಿ” ಎಂದು ತಮ್ಮ ಫೋನು ತೆಗೆದರು.

ಅಯ್ಯನವರು ಮರುದಿನವೇ ಹೊರಟರು. ಅದು ಗಣಪತಿ ಬಿಡುವ ದಿನ. ಮಧ್ಯಾಹ್ನದ ಹೊತ್ತಿಗೆ ರಸ್ತೆಗಳೆಲ್ಲ ಮುಚ್ಚಿ, ಲಾರಿಗಳ ಮೇಲೆ ಗಣಪತಿಗಳು ಸಾಲುಗಟ್ಟಿ ನಿಂತಿದ್ದವು. ಸ್ಟೇಷನ್ನಿಗೆ ವಿಜಯ್ ಹೋಗುತ್ತೇನೆಂದರೂ ಮಾವ ಕೇಳಲಿಲ್ಲ. ತಾವೇ ಹೋಗಿ ಅಯ್ಯನವರನ್ನು ಇಳಿಸಿಕೊಂಡರು. ಒಂದು ಆಟೋ ಸಿಗಲಿಲ್ಲ. ಇಬ್ಬರು ಮುದುಕರು ಒಂದೇ ಕೊಡೆಯಲ್ಲಿ, ಡೋಲಿನ ಸದ್ದಿನ ನಡುವೆ, ಗುಲಾಲು ಕಲೆಸಿದ ಕೆಸರು ತುಳಿಯುತ್ತಾ ನಡೆದೇ ಬಂದರು. ದಾರಿಯಲ್ಲಿ ಮೆರವಣಿಗೆಯ ಹುಡುಗರು ಅಯ್ಯನವರ ಬಿಳಿ ನಿಲುವಂಗಿ ನೋಡಿ ದಾರಿ ಬಿಟ್ಟರಂತೆ. ಆಸ್ಪತ್ರೆಯ ಬಾಗಿಲಿಗೆ ಬಂದಾಗ ಮಾವನವರ ಎಡಭಾಗ ಪೂರ್ತಿ ತೊಯ್ದಿತ್ತು, ಅಯ್ಯನವರ ಮೇಲೆ ಅಷ್ಟಾಗಿ ನೀರು ಬಿದ್ದಿರಲಿಲ್ಲ.

ಡಾಕ್ಟರಮ್ಮ ಬಹಳ ಹೊತ್ತಾಗಬಾರದು ಎಂದು ಹೇಳಿ ಅಯ್ಯನವರ ಜೊತೆ ನಮ್ಮನ್ನು ಒಳಗೆ ಬಿಟ್ಟರು. ಹಸಿರು ಗೌನು ಹಾಕಿಕೊಳ್ಳುತ್ತಾ ಅವ್ವ ಮಾವನವರ ಕಡೆ ತಿರುಗಿ, ಮಾತು ಬಿಟ್ಟ ಮೇಲೆ ಮೊದಲ ಸಲ ತಾನಾಗಿ ಮಾತಾಡಿದಳು. “ನೀವೂ ಬರ್ರಿ ಬೀಗರೆ.”

“ಬ್ಯಾಡ ಚೆಲ್ಲೆಮ್ಮ. ಒಳಗ ಬಂದು ನಿಂತ್ರ ನಾ ಸುಳ್ಳು ನಿಂತಂಗ ಆಗ್ತೈತಿ. ಹೊರಗ ನಿಂತು ಪ್ರಾರ್ಥನಿ ಮಾಡ್ತೀನಿ. ಅದು ಖರೇ ಆಗ್ತೈತಿ.”

ಅವ್ವ ಅವರನ್ನೇ ನೋಡಿದಳು. ಒತ್ತಾಯ ಮಾಡಲಿಲ್ಲ.

ಕುದಿಸಿ ಆರಿಸಿದ ನೀರನ್ನು ನರ್ಸ್ ಒಂದು ಬಟ್ಟಲಲ್ಲಿ ಕೊಟ್ಟರು. ಅಯ್ಯನವರು ಪೆಟ್ಟಿಗೆಯ ಪಕ್ಕದ ಕಿಂಡಿಯಿಂದ ಕೈ ತೂರಿಸಿ, ಒದ್ದೆ ಹತ್ತಿಯನ್ನು ಅವಳ ನೆತ್ತಿಗೆ ಮೂರು ಸಲ ಮುಟ್ಟಿಸಿದರು. “ಎಸ್ತೇರ” ಎಂದು ಕರೆದರು. ಅದು ಅವ್ವನ ತಾಯಿಯ ಹೆಸರು. ಮಗು ಹುಬ್ಬು ಗಂಟಿಕ್ಕಿತು. ನಾನು ತಲೆಯೆತ್ತಿ ನೋಡಿದರೆ ಗಾಜಿನ ಆಚೆ ಮಾವ ಕಣ್ಣು ಮುಚ್ಚಿ ನಿಂತಿದ್ದರು, ತುಟಿಗಳು ಅಲುಗುತ್ತಿದ್ದವು.

ಔಷಧಿ ಬದಲಿಸಿದ ಮೇಲೆ ಸೋಂಕು ನಿಧಾನಕ್ಕೆ ಇಳಿಯಿತು. ಅವ್ವ ಅದಕ್ಕೆ ಕಾರಣ ಒಂದು ಹೇಳಿದಳು, ಮಾವ ಇನ್ನೊಂದು ಹೇಳಿದರು. ಈ ಸಲ ಅದಕ್ಕಾಗಿ ಯಾರೂ ಜಗಳವಾಡಲಿಲ್ಲ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಮಾವ ತಾವೇ ಎದ್ದು ನಿಂತು ನಡೆದದ್ದನ್ನು ಸಭೆಗೆ ಹೇಳಿದರು. ಕೂಸಿನ ದೀಕ್ಷಾಸ್ನಾನವನ್ನು ನಾನು ನಂಬುವುದಿಲ್ಲ, ಆದರೆ ಸೊಸೆಯ ಮನಸ್ಸಾಕ್ಷಿಯನ್ನು ತಡೆಯುವ ಹಕ್ಕು ನನಗಿಲ್ಲ, ಹಾಗಾಗಿ ಅಯ್ಯನವರನ್ನು ನಾನೇ ಕರೆಸಿದೆ, ಇಂಥವನು ಡೀಕನ್ ಆಗಿರಬೇಕೋ ಬೇಡವೋ ನೀವೇ ಹೇಳಿ ಎಂದರು. ನಿವೃತ್ತ ಟೀಚರಮ್ಮ ಒಬ್ಬರು, ತಡೆಯದಿರುವುದು ಬೇರೆ, ಹೋಗಿ ಕರೆತರುವುದು ಬೇರೆ, ನಾಳೆ ಮಕ್ಕಳಿಗೆ ನಾವು ಏನೆಂದು ಕಲಿಸುವುದು ಎಂದು ಕೇಳಿದರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ನಿಜವಾದ ಕಷ್ಟವೇ ಇತ್ತು. ಇನ್ನೊಬ್ಬರು ಮಾವನವರ ಪರ ಮಾತಾಡಿದರು. ಕೊನೆಗೆ ಕೈ ಎತ್ತಿಸಿದರು. ಆ ದಿನ ಮಾತ್ರ, ಎತ್ತಲಾಗದ ನನ್ನ ಕೈ ನನಗೆ ಭಾರವಾಯಿತು. ಮಾವ ಕೆಲಸ ಬಿಡಬೇಕೆಂದವರ ಕೈಗಳು ಸ್ವಲ್ಪವೇ ಹೆಚ್ಚಿದ್ದವು. ಅವುಗಳಲ್ಲಿ ಒಂದು ಪಾಸ್ಟರದು. ಅಲ್ಲಿ ಪಾಸ್ಟರಿಗೂ ಎಲ್ಲರಂತೆ ಒಂದೇ ಮತ. ಮಾವ ತಟ್ಟೆಗಳನ್ನು ಒರೆಸಿ ಟೀಚರಮ್ಮನ ಕೈಗೆ ಕೊಟ್ಟರು. ಪಾಸ್ಟರು ಬಾಗಿಲವರೆಗೆ ಬಂದು ಅವರ ಹೆಗಲು ಹಿಡಿದುಕೊಂಡು ನಿಂತರು.

ಮನೆಗೆ ಬರುವ ದಾರಿಯಲ್ಲಿ ಅವ್ವ ತಡೆಯಲಾರದೆ ಕೇಳಿದಳು. “ಇದ್ಯಾವ ಪದ್ಧತಿರಿ? ನಮ್ಮಲ್ಲಾದ್ರ ಬಿಷಪ್ಪರಿಗಿ ಹೋಗಿ ಹೇಳ್ತಿದ್ವಿ.”

“ನಮಗ ಮ್ಯಾಲ ಬಿಷಪ್ ಇಲ್ಲ. ಅವರವರ ಮನಸ್ಸಾಕ್ಷಿಗೆ ಅವರು ಕೈ ಎತ್ಯಾರ. ನಿಮ್ಮ ಮಗಳಿಗೆ ಬಿಟ್ಟಂಗ ಅವರಿಗೂ ಬಿಡಬೇಕಲ್ಲ,” ಎಂದರು ಮಾವ. ಅವರ ದನಿ ಸಮಾಧಾನವಾಗಿಯೇ ಇತ್ತು. ಆದರೆ ಆಮೇಲೆ ಬಹಳ ಭಾನುವಾರಗಳು, ತಟ್ಟೆಗಳು ಸಾಲಿನಿಂದ ಸಾಲಿಗೆ ಹೋಗುವಾಗ ಅವರ ಬೆರಳುಗಳು ಮೊಣಕಾಲಿನ ಮೇಲೆ ಸುಮ್ಮನೆ ಆಡುವುದನ್ನು ನಾನು ನೋಡಿದ್ದೇನೆ.

ಎಸ್ತೇರ ಈಗ ಐದನೇ ಕ್ಲಾಸಿನಲ್ಲಿದ್ದಾಳೆ. ಚರ್ಚಿನ ತೊಟ್ಟಿಯಲ್ಲಿ ಮುಳುಗುವ ಬಗ್ಗೆ ಅವಳು ಇನ್ನೂ ಏನೂ ತೀರ್ಮಾನಿಸಿಲ್ಲ. ಅವಳನ್ನು ಯಾರೂ ಅವಸರಪಡಿಸುತ್ತಿಲ್ಲ.

ಆ ವರ್ಷ ಅವಳನ್ನು ಆಸ್ಪತ್ರೆಯಿಂದ ಮನೆಗೆ ತಂದಾಗ ಮಳೆ ಹಿಂದೆ ಸರಿದಿತ್ತು. ಅವ್ವ ಊರಿಗೆ ಹೊರಡುವ ಹಿಂದಿನ ಸಂಜೆ ಅಂಗಳದಲ್ಲಿ ಚಾಪೆ ಹಾಸಿ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ಮಾವ ಕುರ್ಚಿಯಲ್ಲಿ ಕುಳಿತಿದ್ದರು. ಕೈ ನಿಲ್ಲಿಸದೆ, ತಲೆಯೆತ್ತದೆ, ಅವ್ವ ಕೇಳಿದಳು.

“ಬೀಗರೆ, ಅವತ್ತ ನೀವು ಹೇಳಿದ್ರಿ. ನೀರು ಬಿದ್ದಿಲ್ಲ ಅಂತ ದೇವರು ಬಾಗಿಲ ಹಾಕಲ್ಲ ಅಂತ. ಅದು ಖರೇನ್ರಿ? ಇಲ್ಲಾ ನನಗ ಸಮಾಧಾನಕ್ಕ ಹೇಳಿದ್ರಿ?”

“ಖರೇ. ನಾ ಅದರ ಮ್ಯಾಲ ಬದುಕೀನಿ ಚೆಲ್ಲೆಮ್ಮ. ಯಾಕ ಕೇಳ್ತೀರಿ?”

ಅವ್ವ ಮಗುವಿನ ಪಾದಕ್ಕೆ ಎಣ್ಣೆ ತಿಕ್ಕುತ್ತಾ ಹೇಳಿದಳು. ನನಗಿಂತ ಮೊದಲು ಅವಳಿಗೆ ಒಂದು ಗಂಡುಮಗು ಹುಟ್ಟಿತ್ತಂತೆ. ಇಂಥದೇ ಮಳೆಗಾಲ. ಕೂಸಿಗೆ ಜ್ವರ ಏರಿತು. ಅಯ್ಯನವರು ಆಚೆಯ ಊರಿನಲ್ಲಿದ್ದರು, ನಡುವೆ ಹಳ್ಳ ತುಂಬಿ ಹರಿಯುತ್ತಿತ್ತು. ಅವರು ದಾಟಿ ಬರುವಷ್ಟರಲ್ಲಿ ಮಗು ಹೋಗಿತ್ತು. ಹೆಸರಿಡದ ಕೂಸೆಂದು ಸಮಾಧಿ ಜಾಗದ ಬೇಲಿಯ ಬದಿಯಲ್ಲಿ ಹೂಳಿದರು. ನೀರು ಬೀಳದ ಕೂಸು ದೇವರ ಹತ್ತಿರ ಸೇರುವುದಿಲ್ಲ ಎಂದು ಹೆಂಗಸರು ಮಾತಾಡಿಕೊಂಡರು. ಆಮೇಲೆ ಮನೆಯಲ್ಲಿ ಯಾರೂ ಆ ಮಾತು ತೆಗೆಯಲಿಲ್ಲ, ಅವಳಿಗೂ ತೆಗೆಯಗೊಡಲಿಲ್ಲ. ನನಗೊಬ್ಬ ಅಣ್ಣನಿದ್ದನೆಂದು ನಾನು ತಿಳಿದದ್ದು ಆ ಸಂಜೆ.

ಮಾವ ಕುರ್ಚಿಯಿಂದ ಇಳಿದು ಚಾಪೆಯ ಅಂಚಿಗೆ ಬಂದು ಕುಳಿತರು.

“ಅವ ದೇವರ ಹತ್ತಿರ ಅದಾನ ತಂಗಿ. ಅವತ್ತಿಂದನೂ ಅಲ್ಲೇ ಅದಾನ,” ಎಂದರು. ಆಮೇಲೆ ಕೇಳಿದರು, “ನಿಮ್ಮ ಮನಸ್ಸಿನ್ಯಾಗ ಅವನಿಗೆ ಏನಂತ ಹೆಸರಿಟ್ಟಿದ್ರಿ?”

ಅವ್ವನನ್ನು ಇದುವರೆಗೆ ಯಾರೂ ಹಾಗೆ ಕೇಳಿರಲಿಲ್ಲ.

“ದಾನಿಯೇಲ,” ಎಂದಳು.

ದೀಪ ಹಾಕಿದ ಮೇಲೆ ಎಂದಿನಂತೆ ಮನೆಯ ಪ್ರಾರ್ಥನೆಗೆ ಕುಳಿತೆವು. ಮಾವ ತೆಲುಗಿನಲ್ಲಿ ಪ್ರಾರ್ಥಿಸಿದರು. ಮನೆಯವರ ಹೆಸರುಗಳನ್ನೆಲ್ಲ ಹೇಳಿ, ಎಸ್ತೇರಳ ಹೆಸರು ಹೇಳಿ, ತಡೆದು, ನಿನ್ನ ಬಳಿ ಇರುವ ನಮ್ಮ ದಾನಿಯೇಲನಿಗಾಗಿ ನಿನಗೆ ವಂದನೆ ಎಂದರು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಾವ ಆಮೆನ್ ಹೇಳಲಿಲ್ಲ. ಅವಳ ಅಳು ಮುಗಿಯುವವರೆಗೂ ಕಣ್ಣು ಮುಚ್ಚಿಕೊಂಡೇ ಕುಳಿತಿದ್ದರು.